ಸ್ವರ ನಿಲ್ಲುವುದಿಲ್ಲ

ವಾಮದಪದವಿನ ಇದಿನಬ್ಬನ ಗುಜರಿ ಅಂಗಡಿಯಲ್ಲಿ ಸಾಮಾನು ಕೊಂಡವರು ಯಾರೂ ಮೋಸ ಹೋದೆ ಎಂದು ಹೇಳುವ ಹಾಗಿಲ್ಲ. ಸಾಮಾನಿನ ಐಬು ಏನಿದೆಯೋ ಅದನ್ನು ಇದಿನಬ್ಬ ಸೀಮೆಸುಣ್ಣದಲ್ಲಿ ಅದರ ಮೈಮೇಲೆಯೇ ಬರೆದಿಟ್ಟಿರುತ್ತಾನೆ. ಮಿಕ್ಸಿಯ ಹೊಟ್ಟೆಯ ಮೇಲೆ ‘ಚಟ್ನಿಗೆ ಆಗುತ್ತದೆ, ಹಿಟ್ಟಿಗೆ ಆಗುವುದಿಲ್ಲ’ ಎಂದಿರುತ್ತದೆ. ಟೇಬಲ್ ಫ್ಯಾನಿನ ಬೆನ್ನಿಗೆ ‘ಮೂರನೇ ನಂಬರಿನಲ್ಲಿ ಮಾತ್ರ ತಿರುಗುತ್ತದೆ’. ಗೋಡೆ ಗಡಿಯಾರಕ್ಕೆ ‘ದಿನಕ್ಕೆ ಹತ್ತು ನಿಮಿಷ ಹಿಂದೆ’. ಐಬು ಮುಚ್ಚಿಟ್ಟು ಮಾರಿದ ದುಡ್ಡು ಹರಾಮು ಎಂದು ಅವನ ತಂದೆ ಹೇಳಿಕೊಟ್ಟದ್ದಂತೆ. ಹೀಗೆ ಮಾಡಿದರೆ ವ್ಯಾಪಾರ ಆಗುವುದು ಹೇಗೆ ಎಂದು ನಗುವವರು ನಗುತ್ತಾರೆ. ನಗುವವರೇ ಮನೆಗೆ ಫ್ಯಾನು ಬೇಕಾದಾಗ ಅವನಲ್ಲಿಗೇ ಬರುತ್ತಾರೆ.

ನವರಾತ್ರಿ ಮುಗಿದ ವಾರ ನರಿಕೊಂಬಿನ ರುಕ್ಮಯ್ಯ ಆ ಅಂಗಡಿಗೆ ಬಂದದ್ದು ಹುಲ್ಲು ಕೊಚ್ಚುವ ಮೆಷಿನಿನ ಹೆಗಲಪಟ್ಟಿ ಹುಡುಕಿಕೊಂಡು. ಮಳೆ ಹೋದ ಮೇಲೆ ಎರಡು ತಿಂಗಳು ಅವನಿಗೆ ಪುರುಸೊತ್ತಿಲ್ಲ. ರಬ್ಬರ್ ತೋಟ, ತೆಂಗಿನ ತೋಟ, ಶಾಲೆಯ ಅಂಗಳ, ಯಾರು ಕರೆದರೂ ಮೊಪೆಡಿನ ಹಿಂದೆ ಮೆಷಿನು ಕಟ್ಟಿಕೊಂಡು ಹೋಗಬೇಕು. ಹನ್ನೊಂದು ವರ್ಷದಿಂದ ಅದೇ ಕೆಲಸ. ಐವತ್ತೇಳು ವಯಸ್ಸಾಗಿದೆ, ಸಿಟ್ಟು ಮಾತ್ರ ಇಪ್ಪತ್ತೈದರದ್ದು. ಅವನನ್ನು ಕರೆಯುವವರು ಬೆಳಿಗ್ಗೆ ಚಾ ಕೊಟ್ಟ ಮೇಲೆಯೇ ಕೆಲಸದ ಮಾತು ತೆಗೆಯುವುದು.

ಹೆಗಲಪಟ್ಟಿ ಸಿಗಲಿಲ್ಲ. ಹಳೆಯ ಮೈಕ್‌ಸೆಟ್ಟಿನ ಡಬ್ಬಗಳ ಎಡೆಯಲ್ಲಿ ಬೇರೊಂದು ಸಿಕ್ಕಿತು. ಮೂರಡಿ ಉದ್ದದ ಇಡೀ ಮರದ ತುಂಡು. ಅದಕ್ಕೆ ಹೊಟ್ಟೆಯಿಲ್ಲ, ತೂತಿಲ್ಲ. ಮೇಲೆ ಆರು ತುಕ್ಕು ಹಿಡಿದ ತಂತಿ, ಮರಕ್ಕೂ ತಂತಿಗೂ ನಡುವೆ ಬೆರಳು ತೂರುವಷ್ಟು ಜಾಗ. ರುಕ್ಮಯ್ಯ ಬಗ್ಗಿ ಅದರ ತಲೆಯ ಕಡೆ ನೋಡಿದ. ಸಿಗರೇಟಿನ ಸುಟ್ಟ ಕಲೆ ಇದ್ದ ಜಾಗದಲ್ಲೇ ಇತ್ತು.

ಇದಿನಬ್ಬ ಸೀಮೆಸುಣ್ಣ ಹಿಡಿದುಕೊಂಡೇ ಹತ್ತಿರ ಬಂದ. “ಅದೆಂತ ರುಕ್ಮಯ್ಯಣ್ಣ, ನಿಮಗೆ ಗೊತ್ತುಂಟಾ? ಕರೆಂಟಿನ ಇಸ್ತ್ರಿ ಮಣೆಯಾ ಅಂತ ನಮ್ಮ ಮಗಳು ನಸೀಬಾ ಕೇಳ್ತಾಳೆ.”

“ಗಿಟಾರ್. ಹವಾಯನ್ ಗಿಟಾರ್ ಅಂತ. ಮಡಿಲಲ್ಲಿ ಮಲಗಿಸಿ ಬಾರಿಸುದು.”

“ಮಲಗಿಸಿಯಾ? ಹಾಗಾದ್ರೆ ಇದು ಸೋಮಾರಿಗಳ ಗಿಟಾರ್.”

ಬೇರೆ ಯಾರಾದರೂ ಹೇಳಿದ್ದರೆ ರುಕ್ಮಯ್ಯ ಅಲ್ಲಿಯೇ ಜಗಳ ತೆಗೆಯುತ್ತಿದ್ದ. ಆ ದಿನ ಅವನಿಗೆ ಅದು ಕೇಳಿಸಲೇ ಇಲ್ಲ. ಶಿರ್ತಾಡಿಯ ಮನೆಯಿಂದ ಬಂದದ್ದಾ ಎಂದು ಕೇಳಿದ. ಹೌದು, ಲಿಗೋರಿ ಪೊರ್ಬುಗಳ ಮನೆ ಮಾರಿದಾಗ ಮಂಚ, ಕಪಾಟಿನ ಜೊತೆ ಬಂದದ್ದು, ಪೊರ್ಬುಗಳು ತೀರಿಹೋಗಿ ವರ್ಷವಾಯಿತು ಎಂದು ಇದಿನಬ್ಬ ಹೇಳಿದ. ಇದರ ಐಬು ಏನೆಂದು ಗೊತ್ತಿಲ್ಲದೆ ಏನೂ ಬರೆದಿಲ್ಲ, ಬರೆಯದೆ ಮಾರುವ ಹಾಗಿಲ್ಲ, ತಿಳಿದವರು ಯಾರಾದರೂ ಬರಲಿ ಎಂದು ಕಾಯುತ್ತಿದ್ದೇನೆ ಎಂದೂ ಹೇಳಿದ. ರೇಟು ಕೇಳಿದರೆ, ರುಕ್ಮಯ್ಯನ ಮೂರು ದಿನದ ಸಂಬಳದಷ್ಟು. ಅದೂ ಹೆಚ್ಚಾಯಿತೆಂದರೆ ಎರಡು ದಿನದ್ದು.

“ನೀವೇ ಬಾರಿಸಿ ನೋಡಿ ಹೇಳಿ. ನೀವು ಹೇಳಿದ್ದನ್ನು ನಾನು ಬರಿತೇನೆ,” ಎಂದ ಇದಿನಬ್ಬ.

ರುಕ್ಮಯ್ಯ ಆ ದಿನ ಬಾರಿಸಲಿಲ್ಲ. ಬಾರಿಸಲು ಬೇಕಾದ ಉಕ್ಕಿನ ಗಟ್ಟಿ ಮನೆಯಲ್ಲಿತ್ತು. ನಾಳೆ ತರುತ್ತೇನೆ, ಅಲ್ಲಿಯವರೆಗೆ ಯಾರಿಗೂ ಕೊಡಬೇಡಿ ಎಂದು ಹೇಳಿ ಮೊಪೆಡ್ ಹತ್ತಿದ. ಹೆಗಲಪಟ್ಟಿಯ ನೆನಪಾದದ್ದು ಬಂಟ್ವಾಳ ಪೇಟೆ ದಾಟಿದ ಮೇಲೆ.

ಅವನಿಗೂ ಆ ಗಿಟಾರಿಗೂ ಸಂಬಂಧ ಏನು ಎನ್ನುವುದು ಈಗ ಹೆಚ್ಚು ಜನರಿಗೆ ಗೊತ್ತಿಲ್ಲ, ಗೊತ್ತಿದ್ದವರಲ್ಲಿ ಹೆಚ್ಚಿನವರು ಸತ್ತಿದ್ದಾರೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ರುಕ್ಮಯ್ಯ ಶಿರ್ತಾಡಿಯ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆಯಲು ಸೇರಿದ್ದ. ಹೋಟೆಲಿನ ಹಿಂದಿನ ಮನೆ ಲಿಗೋರಿ ಪೊರ್ಬುಗಳದ್ದು, ಕ್ರಿಸ್ತುವರನ್ನು ಆ ಕಡೆ ಕರೆಯುವುದೇ ಪೊರ್ಬುಗಳು ಎಂದು. ಅವರು ಮುಂಬಯಿಯಲ್ಲಿ ಯಾವುದೋ ಬ್ಯಾಂಡಿನಲ್ಲಿ ಇದ್ದು ಬಂದವರು. ಸಂಜೆ ಚಾವಡಿಯಲ್ಲಿ ಕುಳಿತು ಗಿಟಾರನ್ನು ತೊಡೆಯ ಮೇಲೆ ಅಡ್ಡ ಹಾಕಿಕೊಂಡು, ಎಡಗೈಯ ಉಕ್ಕಿನ ಗಟ್ಟಿಯನ್ನು ತಂತಿಯ ಮೇಲೆ ಎಳೆದರೆ ಸ್ವರ ಮೆಟ್ಟಿಲು ಹತ್ತುತ್ತಿರಲಿಲ್ಲ, ಜಾರುತ್ತಿತ್ತು. ಗ್ಲಾಸು ತೊಳೆಯುವ ಹುಡುಗ ಬೇಲಿಯ ಆಚೆ ನಿಂತು ಕೇಳಿ ಕೇಳಿ, ಒಂದು ದಿನ ಬೇಲಿ ದಾಟಿದ.

ಪೊರ್ಬುಗಳು ಕಲಿಸಿದ್ದು ಒಂದೇ ಪಾಠ. ಉಳಿದದ್ದೆಲ್ಲ ಅದರ ಬಾಲ. ಗಟ್ಟಿಯನ್ನು ಒತ್ತಬಾರದು, ಇಡಬೇಕು. ಇಟ್ಟ ಮೇಲೆ ಸ್ವರ ನಿಲ್ಲಬೇಕು. ನಿಂತ ಮೇಲೆ, ಅದು ನಿಂತಿದೆ ಎಂದು ನಿನಗೆ ಖಾತ್ರಿಯಾದ ಮೇಲೆ, ಕೈಯನ್ನು ಸಣ್ಣಗೆ ನಡುಗಿಸು, ಆಗ ಸ್ವರ ಅಳುತ್ತದೆ. ಮೊದಲೇ ನಡುಗಿಸಿದರೆ ಅಳುವುದಿಲ್ಲ, ಕುಡಿದವನ ಹಾಗೆ ತೊದಲುತ್ತದೆ. ಒಂದು ಸ್ವರ ನಿಲ್ಲಿಸಲು ರುಕ್ಮಯ್ಯನಿಗೆ ಎಂಟು ತಿಂಗಳು ಬೇಕಾಯಿತು.

ಆಮೇಲೆ ಹದಿನೇಳು ವರ್ಷ ಅವನು ತುಳು ನಾಟಕದ ತಂಡವೊಂದರಲ್ಲಿ ಬಾರಿಸಿದ. ಗಿಟಾರ್ ಪೊರ್ಬುಗಳದ್ದೇ. ನಾಟಕ ಇದ್ದ ದಿನ ಹೋಗಿ ತರುವುದು, ಮರುದಿನ ಒರೆಸಿ ಕೊಡುವುದು. ಹ್ಯಾಂಡ್‌ಬಿಲ್ಲಿನಲ್ಲಿ ಅವನ ಹೆಸರು ಒಮ್ಮೆಯೂ ಬರಲಿಲ್ಲ, ಹಾರ್ಮೋನಿಯಂನವರ ಹೆಸರಿನ ಕೆಳಗೆ ‘ಮತ್ತು ಬಳಗ’ ಎಂದು ಇರುತ್ತಿತ್ತು. ಆ ಬಳಗದಲ್ಲಿ ಅವನು ಒಬ್ಬ. ಆದರೆ ಬೆಳ್ತಂಗಡಿಯ ಮೈದಾನದಲ್ಲಿ ಅಕ್ಕ ತಮ್ಮನನ್ನು ಬಿಟ್ಟು ಹೋಗುವ ಸೀನಿನಲ್ಲಿ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ಅಕ್ಕನ ಮಾತಿಗಲ್ಲ. ಅಕ್ಕನ ಪಾರ್ಟಿನವನಿಗೆ ಆ ದಿನ ಗಂಟಲು ಕಟ್ಟಿತ್ತು, ಮಾತು ಮೊದಲ ಸಾಲಿಗೂ ಕೇಳಿಸಿರಲಿಲ್ಲ. ಅದು ರುಕ್ಮಯ್ಯನಿಗೆ ಗೊತ್ತಿತ್ತು. ಅಷ್ಟು ಸಾಕಾಗಿತ್ತು ಅವನಿಗೆ.

ಕೀಬೋರ್ಡು ಬಂತು. ಒಂದು ಬಟನ್ ಒತ್ತಿದರೆ ಕೊಳಲು, ಇನ್ನೊಂದು ಒತ್ತಿದರೆ ಗಿಟಾರ್. ತಂಡದವರು ಬಾಯಿಬಿಟ್ಟು ಬೇಡ ಎನ್ನಲಿಲ್ಲ, ಮುಂದಿನ ನಾಟಕದ ತಾರೀಕು ಹೇಳಲಿಲ್ಲ, ಅಷ್ಟೇ. ಆಗ ಪೊರ್ಬುಗಳು ಅವನನ್ನು ಕರೆದು, ಆದಿತ್ಯವಾರ ಮನೆಗೆ ಬಾ, ನಾವಿಬ್ಬರೇ ಬಾರಿಸುವ, ಒಂದೆರಡು ಮಕ್ಕಳು ಕಲಿಯಲು ಬಂದರೆ ಅವರಿಗೂ ಹೇಳಿಕೊಡು ಎಂದರು. ಒಳ್ಳೆಯ ಮಾತೇ. ಆದರೆ ರುಕ್ಮಯ್ಯನ ತಲೆಗೆ ಅದು ಬೇರೆ ದಾರಿಯಲ್ಲಿ ಹೋಯಿತು. ಕೆಲಸ ಹೋದವನಿಗೆ ಕರುಣೆ ತೋರಿಸುತ್ತಿದ್ದಾರೆ ಎನಿಸಿತು. ಚಾವಡಿಯಲ್ಲಿ ನಿಂತು, ನಿಮ್ಮ ಮರದ ತುಂಡು ನೀವೇ ಇಟ್ಟುಕೊಳ್ಳಿ ಎಂದು ಊರಿಗೆ ಕೇಳುವ ಹಾಗೆ ಕೂಗಿ ಬಂದ. ಆಮೇಲೆ ಶಿರ್ತಾಡಿಗೆ ಹೋಗಲಿಲ್ಲ. ಪೊರ್ಬುಗಳು ಸತ್ತದ್ದು ಗೊತ್ತಾದದ್ದೂ ಹೂತು ಮೂರನೇ ದಿನಕ್ಕೆ.

ಜಗಳ ಮಾಡಿ ಬಂದ ದಿನ ಅಂಗಿಯ ಕಿಸೆಯಲ್ಲಿ ಒಂದು ಉಳಿದುಹೋಗಿತ್ತು. ಬೆರಳುದ್ದದ, ಹೆಬ್ಬೆರಳು ದಪ್ಪದ ಆ ಉಕ್ಕಿನ ಗಟ್ಟಿ.

ಮನೆ ತಲುಪಿದಾಗ ಹೆಂಡತಿ ರಾಜೀವಿ ತಡ್ಪೆಯನ್ನು, ಬೀಡಿಯ ಮೊರವನ್ನು, ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಳು. ಅವಳ ಪಕ್ಕದಲ್ಲಿ, ನೀರಿನಲ್ಲಿ ನೆನೆಸಿ ಬಟ್ಟೆಯಲ್ಲಿ ಸುತ್ತಿದ ಎಲೆಯ ಕಟ್ಟು. ಎಲೆ ಮುದುರದೆ ಚಪ್ಪಟೆ ಇರಲಿ ಎಂದು ಅದರ ಮೇಲೆ ಭಾರಕ್ಕೆ ಇಟ್ಟದ್ದು ಅದೇ ಗಟ್ಟಿ. ಇಪ್ಪತ್ತು ವರ್ಷದಿಂದ ಅದರ ಕೆಲಸ ಅದೇ. ಇಡಲು ಕೊಟ್ಟವನೂ ರುಕ್ಮಯ್ಯನೇ, ನನಗಂತೂ ಬೇಡ, ನಿನಗಾದರೂ ಆಗಲಿ ಎಂದು ಎಸೆದು ಕೊಟ್ಟಿದ್ದ.

ಅವನು ಅದನ್ನು ಎತ್ತಿ ನೋಡಿದ. ಒದ್ದೆ ಬಟ್ಟೆಗೆ ತಾಗಿದ ಮಗ್ಗುಲು ಸಿಡುಬಿನ ಮುಖದ ಹಾಗೆ ಗುಳಿ ಗುಳಿಯಾಗಿತ್ತು. ಮೇಲಿನ ಹೊಳಪಿನ ಪದರ ಸಿಪ್ಪೆಯಾಗಿ ಎದ್ದಿತ್ತು.

ಗಿಟಾರಿನ ಸುದ್ದಿ ಹೇಳುವಾಗ ಅವನು ಸಿಟ್ಟಿನ ಮುಖ ಮಾಡಿಕೊಂಡೇ ಹೇಳಿದ, ಅವಳು ಬೇಡ ಎಂದ ಕೂಡಲೇ ಕೂಗಾಡಲು ತಯಾರಾಗಿ. ಈ ವಯಸ್ಸಿನಲ್ಲಿ ಎಂತಕ್ಕೆ ಎಂದು ಅವಳು ಕೇಳಬೇಕಿತ್ತು. ಮನೆಯ ಹಂಚು ನೋಡಿ ಎನ್ನಬೇಕಿತ್ತು. ಕೇಳಿದ್ದರೆ ಅವನಿಗೆ ಒಂದು ಜಗಳವೂ, ಕೊಳ್ಳದೆ ಇರಲು ಒಂದು ಕಾರಣವೂ ಸಿಗುತ್ತಿತ್ತು.

ರಾಜೀವಿ ನೂಲು ಸುತ್ತಿ, ಬೀಡಿಯ ತುದಿ ಮಡಚಿ, ತಡ್ಪೆಗೆ ಹಾಕಿದಳು. “ತಗೊಳ್ಳಿ.”

“ಎಂತ ತಗೊಳ್ಳುದು? ಅಷ್ಟು ಸುಲಭ ಉಂಟಾ ಮಾರಾಯ್ತಿ?”

“ನಾನು ಬೇಡ ಅಂದ್ನಾ? ನೀವು ಬಾರಿಸುದು ನಾನು ಮದುವೆಗೆ ಮೊದಲು ಒಮ್ಮೆ ಕೇಳಿದ್ದು, ಬೆಳ್ತಂಗಡಿಯಲ್ಲಿ. ಆಮೇಲೆ ನಿಮ್ಮ ಬಾಯಿ ಮಾತ್ರ ಕೇಳಿದ್ದು. ತಗೊಳ್ಳಿ ಮಾರಾಯ್ರೆ.”

ರುಕ್ಮಯ್ಯ ಹೆಗಲಪಟ್ಟಿ ಸಿಗದ ವಿಷಯಕ್ಕೆ ವಾಮದಪದವಿನ ಎಲ್ಲ ಅಂಗಡಿಯವರನ್ನೂ ಬೈದು ಸ್ನಾನಕ್ಕೆ ಹೋದ.

ಮರುದಿನ ಮಧ್ಯಾಹ್ನ ಕೆಲಸ ಬಿಟ್ಟು ಹೋಗಿ ಬಾರಿಸಿದ. ಇದಿನಬ್ಬ ಮೈಕ್‌ಸೆಟ್ಟಿನ ಒಂದು ಆಂಪ್ಲಿಫಯರಿಗೆ ವಯರು ಕೊಟ್ಟು, ಪ್ಲಾಸ್ಟಿಕ್ ಕುರ್ಚಿ ಒರೆಸಿ ಇಟ್ಟ. ರುಕ್ಮಯ್ಯ ಗಿಟಾರನ್ನು ಮಡಿಲಿಗೆ ತೆಗೆದುಕೊಂಡ. ಭಾರ ಅದೇ. ತೊಡೆಯ ಮೇಲೆ ಅದು ಕುಳಿತುಕೊಳ್ಳುವ ಜಾಗವೂ ಅದೇ. ಬಿರಡೆ ತಿರುಗಿಸಿ ತಂತಿಗಳನ್ನು ಒಂದೊಂದಾಗಿ ಸೇರಿಸಿದಾಗ ಕಿವಿ ಸರಿಯಾಗಿಯೇ ಉಂಟು ಎಂದು ತಿಳಿದು ಅವನಿಗೆ ಎದೆ ಹಗುರವಾಯಿತು. ಗಟ್ಟಿ ಇಟ್ಟು ಎಳೆದ. ಕರಕರ ಎಂದಿತು. ತುಕ್ಕು ತಂತಿಯ ಮೇಲೆ ಗುಳಿ ಬಿದ್ದ ಉಕ್ಕು, ತಗಡಿನ ಮೇಲೆ ಕಲ್ಲು ಎಳೆದ ಹಾಗೆ. ಇನ್ನೊಮ್ಮೆ ಎಳೆದ. ಅದೇ ಕರಕರ, ಅದರ ಅಡಿಯಲ್ಲಿ ಇನ್ನೇನೋ ಒಂದು ಅಲುಗಾಟ.

ಆ ಅಲುಗಾಟ ಅವನಿಗೆ ಕೇಳಿಸಿತು. ಕೇಳಿಸಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಕರಕರದ ಮೇಲೆ ತಪ್ಪು ಹಾಕುವುದು ಸುಲಭವಿತ್ತು.

“ಗಿಟಾರಿನದ್ದು ಎಂತದೂ ಇಲ್ಲ. ತಂತಿ ಹೋಗಿದೆ, ಈ ಗಟ್ಟಿ ಹೋಗಿದೆ. ಎರಡೂ ಸರಿ ಮಾಡಿ ಬರ್ತೇನೆ, ಬರಿಬೇಡಿ ಈಗ,” ಎಂದ.

ಇದಿನಬ್ಬನಿಗೆ ಖುಷಿಯಾಯಿತು. ಮೂಡುಬಿದಿರೆಯಲ್ಲಿ ಸಂಗೀತದ ಕ್ಲಾಸು ನಡೆಸುವ ತರುಣ್ ಎನ್ನುವವರು ಯಾರಿಂದಲೋ ಸುದ್ದಿ ತಿಳಿದು ಫೋನು ಮಾಡಿದ್ದರಂತೆ, ಮುಂದಿನ ವಾರ ನೋಡಲು ಬರುತ್ತಾರಂತೆ. “ಆದ್ರೆ ಮೊದಲು ನೀವು. ನೀವು ಬೇಡ ಅಂದ್ರೆ ಮಾತ್ರ ಅವರಿಗೆ,” ಎಂದ.

ಮೂಡುಬಿದಿರೆಗೆ ಹೋಗಿ ಹೊಸ ತಂತಿ ತಂದ. ಗಟ್ಟಿಯನ್ನು ಬಂಟ್ವಾಳದ ಫಯಾಝ್‌ನ ಲೇತ್ ವರ್ಕ್‌ಶಾಪಿಗೆ ಒಯ್ದ. ಫಯಾಝ್ ಅದನ್ನು ಉಗುರಿನಿಂದ ಕೆರೆದು ನೋಡಿ, ಗುಳಿ ಆಳಕ್ಕೆ ಹೋಗಿದೆ, ತುಂಬ ತೆಗೆಯಬೇಕಾಗುತ್ತದೆ, ಸಪೂರ ಆದೀತು ಎಂದ. ಆಗಲಿ ಎಂದ ರುಕ್ಮಯ್ಯ. ಲೇತಿನಲ್ಲಿ ತಿರುಗುತ್ತಾ ಅದು ಬೂದು ಬಣ್ಣದ ಹುಡಿ ಉದುರಿಸಿತು, ಆಮೇಲೆ ಪಾಲಿಶ್ ಕಲ್ಲಿಗೆ ಕೊಟ್ಟಾಗ ಕನ್ನಡಿಯ ಹಾಗೆ ಹೊಳೆಯಿತು. ಅಷ್ಟರಲ್ಲಿ ಚಾ ಬಂತು. ರುಕ್ಮಯ್ಯ ಗ್ಲಾಸು ಹಿಡಿದುಕೊಂಡು ನಿಂತಿದ್ದಾಗ ಚಾದ ಮೇಲೆ ಸಣ್ಣ ಸಣ್ಣ ಬಳೆಗಳು ಏಳುತ್ತಿದ್ದವು, ಕೆಳಗೆ ನೆಲ ನಡುಗುವ ಹಾಗೆ. ಲೇತ್ ನಿಂತಿತ್ತು. ಬಳೆಗಳು ನಿಲ್ಲಲಿಲ್ಲ.

“ಅಣ್ಣ, ಕೈಗೆ ಎಂತಾಯ್ತು?” ಎಂದು ಫಯಾಝ್ ಕೇಳಿದ.

“ನಿನ್ನ ಚಾ ಬಿಸಿ ಉಂಟು, ಅದಾಯ್ತು,” ಎಂದು ಹೇಳಿ ರುಕ್ಮಯ್ಯ ಗ್ಲಾಸನ್ನು ಕುಕ್ಕಿ ಇಟ್ಟ.

ಕೈಯ ವಿಷಯ ಅವನಿಗೆ ಹೊಸತಲ್ಲ. ಮೂರು ವರ್ಷದಿಂದ ಬೆಳಿಗ್ಗೆ ಎದ್ದಾಗ ಬೆರಳ ತುದಿ ಬೆಳ್ಳಗಾಗಿರುತ್ತದೆ, ಬಿಸಿ ನೀರಿನಲ್ಲಿ ಅದ್ದಿದ ಮೇಲೆ ಬಣ್ಣ ಬರುತ್ತದೆ. ಸಂಜೆ ಮೆಷಿನು ಕೆಳಗಿಟ್ಟ ಮೇಲೂ ಮೆಷಿನು ಕೈಯಲ್ಲಿಯೇ ಓಡುತ್ತಿರುತ್ತದೆ. ಅಂಗಿಯ ಬಟನ್ ಹಾಕಲು ರಾಜೀವಿ ಬೇಕು. ಕಳೆದ ವರ್ಷ ಸರಕಾರಿ ಆಸ್ಪತ್ರೆಯ ಡಾಕ್ಟರು ಅವನ ಬೆರಳುಗಳನ್ನು ಸೂಜಿಯಿಂದ ಚುಚ್ಚಿ ನೋಡಿ, ನರಕ್ಕೆ ಪೆಟ್ಟಾಗಿದೆ, ಮೆಷಿನು ಬಿಡಿ, ಈಗ ಹೋದದ್ದು ವಾಪಸ್ ಬರುವುದಿಲ್ಲ, ಇನ್ನಷ್ಟು ಹೋಗದ ಹಾಗೆ ನೋಡಬಹುದು ಎಂದಿದ್ದರು. ಮೆಷಿನು ಬಿಟ್ಟರೆ ನಿಮ್ಮ ಆಸ್ಪತ್ರೆಯ ಹುಲ್ಲು ಯಾರು ಕೊಚ್ಚುವುದು ಎಂದು ಕೇಳಿ ಎದ್ದು ಬಂದಿದ್ದ. ಮರುವಾರ ಆ ಹುಲ್ಲು ಕೊಚ್ಚಿದ್ದೂ ಅವನೇ.

ಹುಲ್ಲು ಕೊಚ್ಚಲು ಕೈ ನಡುಗಿದರೆ ಏನೂ ಬಾಧೆಯಿಲ್ಲ. ಆದ್ದರಿಂದ ಈವರೆಗೆ ಅದನ್ನು ಲೆಕ್ಕಕ್ಕೆ ಇಡಬೇಕೆಂದು ಅನಿಸಿರಲಿಲ್ಲ.

ಶುಕ್ರವಾರ ಜುಮಾ ಮುಗಿಸಿ ಇದಿನಬ್ಬ ಅಂಗಡಿ ತೆರೆಯುವ ಹೊತ್ತಿಗೆ ರುಕ್ಮಯ್ಯ ಹೊರಗೆ ಕಾಯುತ್ತಿದ್ದ. ಎರಡು ದಿನ ಕೆಲಸಕ್ಕೆ ಹೋಗಿರಲಿಲ್ಲ, ಕೈಗೆ ವಿಶ್ರಾಂತಿ ಕೊಟ್ಟಿದ್ದ. ಬೆಳಿಗ್ಗೆ ರಾಜೀವಿ ತೆಂಗಿನೆಣ್ಣೆ ಬಿಸಿ ಮಾಡಿ ಬೆರಳಿಗೆ ತಿಕ್ಕಿದ್ದಳು. ಹೊರಡುವಾಗ, ಗಿಟಾರ್ ಸುತ್ತಿ ತರಲು ಹಳೆಯ ಬೆಡ್‌ಶೀಟೊಂದನ್ನು ಮೊಪೆಡಿನ ಸೀಟಿಗೆ ತಾನೇ ಕಟ್ಟಿದ್ದಳು.

ಹಳೆಯ ತಂತಿ ಬಿಚ್ಚಿ ಹೊಸದು ಹಾಕಲು ಒಂದು ಗಂಟೆ ಹಿಡಿಯಿತು. ತಂತಿಯ ತುದಿ ತೂತಿಗೆ ಹೋಗದೆ ಜಾರಿ ಜಾರಿ ಬಂದಾಗ ಇದಿನಬ್ಬ ಸುಮ್ಮನೆ ಬಂದು ತೂರಿಸಿಕೊಟ್ಟ. ಆ ಉಪಕಾರ ರುಕ್ಮಯ್ಯನಿಗೆ ಇನ್ನೂ ಸಿಟ್ಟು ತರಿಸಿತು. ಕೊನೆಗೆ ಎಲ್ಲ ಸೇರಿತು. ಗಿಟಾರ್ ಮಡಿಲಿಗೆ ಬಂತು. ಗಟ್ಟಿ ಕನ್ನಡಿಯ ಹಾಗಿತ್ತು, ತಂತಿ ಬೆಳ್ಳಿಯ ಹಾಗಿತ್ತು, ಹೆಂಡತಿ ಬೇಡ ಎಂದಿರಲಿಲ್ಲ. ಇನ್ನು ತಪ್ಪು ಹಾಕಲು ಯಾರೂ ಉಳಿದಿರಲಿಲ್ಲ.

ಅವನು ಬಲಗೈಯಿಂದ ಮೊದಲ ತಂತಿ ಮೀಟಿದ. ಗಟ್ಟಿಯನ್ನು ಒತ್ತದೆ ಇಟ್ಟ. ಈ ಸಲ ಕರಕರ ಇಲ್ಲ. ಸ್ವರ ಹಾಲಿನ ಹಾಗೆ ಬಂತು, ಒಂದು ಗಳಿಗೆ ಪೊರ್ಬುಗಳ ಚಾವಡಿಯೇ ಬಂತು. ಆಮೇಲೆ ಸ್ವರ ಅಲುಗಿತು. ಅವನು ಅಲುಗಿಸಿದ್ದಲ್ಲ. ಗಟ್ಟಿ ತಂತಿಯ ಮೇಲೆ ಸಣ್ಣಗೆ ಟಕಟಕ ಕುಣಿಯುತ್ತಿತ್ತು, ಸ್ವರ ಅತ್ತಿತ್ತ ತೊದಲುತ್ತಿತ್ತು. ಅವನು ಉಸಿರು ಹಿಡಿದ. ಮೊಣಕೈಯನ್ನು ಪಕ್ಕೆಗೆ ಒತ್ತಿದ. ಎಂದೂ ಮಾಡದ ತಪ್ಪನ್ನು ಮಾಡಿ ಗಟ್ಟಿಯನ್ನು ತಂತಿಗೆ ಅದುಮಿದ, ತಂತಿ ಮರಕ್ಕೆ ಬಡಿದು ಸತ್ತಿತು. ಮತ್ತೆ ಎತ್ತಿ ಇಟ್ಟ. ಅಕ್ಕ ತಮ್ಮನನ್ನು ಬಿಟ್ಟು ಹೋಗುವ ಸೀನಿನ ಮೊದಲ ಸ್ವರ ಅದು, ಅಷ್ಟೊಂದು ಉದ್ದ ನಿಲ್ಲಬೇಕಾದದ್ದು. ಮೂರು ಸಲ ಇಟ್ಟ, ನಾಲ್ಕು ಸಲ ಇಟ್ಟ. ಒಮ್ಮೆಯೂ ನಿಲ್ಲಲಿಲ್ಲ.

ಇದಿನಬ್ಬ ಕಣ್ಣು ಮುಚ್ಚಿ ಕೇಳುತ್ತಿದ್ದ. ಮುಗಿಯಿತು ಎಂದು ತಿಳಿದು ಕಣ್ಣು ತೆರೆದ. ಅವನಿಗೆ ಸಂಗೀತದ ಗಂಧವಿಲ್ಲ. ಅವನಿಗೆ ಅದು ಚಂದವೇ ಕೇಳಿಸಿತ್ತು. ಆದರೆ ರುಕ್ಮಯ್ಯನ ಮುಖ ನೋಡಿ, ಏನೋ ಸರಿಯಿಲ್ಲ ಎಂದು ತಿಳಿದ. ಬಗ್ಗಿ ಡಬ್ಬದಿಂದ ಸೀಮೆಸುಣ್ಣ ತೆಗೆದುಕೊಂಡ.

“ಹೇಳಿ ರುಕ್ಮಯ್ಯಣ್ಣ. ಐಬು ಎಂತ?”

ಆಗ ನಿಜ ಹೇಳಲು ಎರಡೇ ಮಾತು ಬೇಕಿತ್ತು. ಆ ಎರಡು ಮಾತು ಬಾಯಿಗೆ ಬಂದರೆ ಬೆಳ್ತಂಗಡಿಯ ಮೈದಾನ ಹೋಗುತ್ತದೆ, ಹದಿನೇಳು ವರ್ಷ ಹೋಗುತ್ತದೆ, ಉಳಿಯುವುದು ಹುಲ್ಲು ಕೊಚ್ಚುವ ಒಬ್ಬ ಮುದುಕ. ಸೀಮೆಸುಣ್ಣ ಹಿಡಿದು ನಿಂತವನ ಎದುರು ತನ್ನ ಮೈಯ ಐಬನ್ನು ಹೇಳಿಕೊಳ್ಳಲು ತಾನೇನು ಮಿಕ್ಸಿಯಾ, ಫ್ಯಾನಾ? ರುಕ್ಮಯ್ಯನಿಗೆ ಸಿಟ್ಟು ನೆತ್ತಿಗೇರಿತು.

“ಮರ ಹೋಗಿದೆ. ಒಳಗಿಂದ ಸಡಿಲ ಆಗಿದೆ. ಸ್ವರ ನಿಲ್ಲುದಿಲ್ಲ ಇದರಲ್ಲಿ.”

“ರಿಪೇರಿ?”

“ಆಗ್ಲಿಕ್ಕಿಲ್ಲ. ಸತ್ತದ್ದಕ್ಕೆ ಎಂತ ರಿಪೇರಿ?”

ಇದಿನಬ್ಬ ನಾಲಗೆ ಲೊಚಗುಟ್ಟಿದ. ಮರು ಪ್ರಶ್ನೆ ಕೇಳಲಿಲ್ಲ, ತಿಳಿದವರ ಮಾತಿಗೆ ಅವನು ಎದುರು ಹೇಳುವವನಲ್ಲ. ಗಿಟಾರನ್ನು ಅವನ ಮಡಿಲಿನಿಂದಲೇ ನಿಧಾನಕ್ಕೆ ಎತ್ತಿಕೊಂಡು, ಕಪ್ಪು ಮರದ ಮೇಲೆ ಉರುಟು ಅಕ್ಷರದಲ್ಲಿ ಬರೆದ. ಸ್ವರ ನಿಲ್ಲುವುದಿಲ್ಲ. ಹೊಸ ತಂತಿ ಬಿಚ್ಚಿ ಒಯ್ಯುತ್ತೀರಾ ಎಂದು ಕೇಳಿದ. ಬೇಡ ಎಂದ ರುಕ್ಮಯ್ಯ. ಬೆಡ್‌ಶೀಟು ಸೀಟಿಗೆ ಕಟ್ಟಿದ ಹಾಗೆಯೇ ಮನೆಗೆ ಬಂತು. ರಾಜೀವಿ ಗಂಟು ಬಿಚ್ಚಿ, ಮಡಚಿ, ಒಳಗೆ ಇಟ್ಟಳು. ಮರ ಹಾಳಾಗಿದೆ ಎಂದು ಅವನು ಹೇಳಿದ್ದಕ್ಕೆ ಹೌದಾ ಎಂದಳು. ಅವಳ ಕಣ್ಣು ಮರದ ಸುದ್ದಿ ಹೇಳುವವನ ಮುಖಕ್ಕೆ ಬರಲಿಲ್ಲ, ಕೈಗೆ ಹೋಯಿತು.

ಆಮೇಲಿನ ಐದು ದಿನ ರುಕ್ಮಯ್ಯ ಮೆಷಿನನ್ನು ನಿಲ್ಲಿಸದೆ ಓಡಿಸಿದ. ಕೆಲಸ ಕೊಟ್ಟವರು ಊಟಕ್ಕೆ ಕರೆದರೂ ಹೋಗಲಿಲ್ಲ. ಆದರೆ ಮೆಷಿನಿನ ಸದ್ದಿನ ಒಳಗೂ ಅವನಿಗೆ ಒಂದೇ ಲೆಕ್ಕ. ಮೂಡುಬಿದಿರೆಯವನು ಬರುತ್ತಾನೆ, ಬರೆದದ್ದು ಓದುತ್ತಾನೆ, ಹೋಗುತ್ತಾನೆ. ಆಮೇಲೆ ಗಿಟಾರ್ ಎಲ್ಲಿಗೆ? ಇದಿನಬ್ಬನ ಅಂಗಡಿಯಲ್ಲಿ ಯಾರಿಗೂ ಬೇಡದ್ದು ತಿಂಗಳ ಕೊನೆಗೆ ಲಾರಿಯಲ್ಲಿ ಹೋಗುತ್ತದೆ, ಕಬ್ಬಿಣ ಬೇರೆ, ತಾಮ್ರ ಬೇರೆ, ಮರ ಒಲೆಗೆ. ಬದುಕಿದ್ದಾಗ ಪೊರ್ಬುಗಳಿಗೆ ಬೈದದ್ದು ಸಾಲದೆ, ಸತ್ತ ಮೇಲೆ ಅವರ ಗಿಟಾರಿಗೂ ಇಲ್ಲದ ಹೆಸರು ಇಟ್ಟಾಯಿತು.

ಆರನೇ ದಿನ ನಿಜ ಹೇಳಿಯೇ ಬಿಡುತ್ತೇನೆ ಎಂದು ಹೊರಟ. ದಾರಿಯುದ್ದಕ್ಕೂ ಆ ಎರಡು ಮಾತನ್ನು ಬಾಯಿಯಲ್ಲಿ ಹೊರಳಿಸಿದ. ಐಬು ನನ್ನ ಕೈಯದ್ದು. ಇಷ್ಟೇ. ಅಳಿಸಿ ಅದನ್ನು, ನನ್ನ ಕೈಯದ್ದು.

ಅಂಗಡಿಯ ಮುಂದೆ ಕಾರು ನಿಂತಿತ್ತು. ಒಳಗೆ ಮೂವತ್ತರ ಆಸುಪಾಸಿನ, ಕನ್ನಡಕ ಹಾಕಿದ ಒಬ್ಬ ಗಿಟಾರಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಬರೆದದ್ದನ್ನು ಓದುತ್ತಿದ್ದ. ಇದಿನಬ್ಬ ರುಕ್ಮಯ್ಯನನ್ನು ನೋಡಿದ್ದೇ, ಒಳ್ಳೆಯ ಹೊತ್ತಿಗೆ ಬಂದಿರಿ, ಇವರೇ ತರುಣ್, ನನಗೆ ವಿವರ ಹೇಳಲು ಬರುವುದಿಲ್ಲ, ನೀವೇ ಹೇಳಿ ಎಂದು ಕುರ್ಚಿ ಎಳೆದ. ಇಡೀ ತಾಲೂಕಿನಲ್ಲಿ ಇದನ್ನು ಬಾರಿಸಲು ಬರುವವರು ಇವರೊಬ್ಬರೇ ಎಂದು ತರುಣ್‌ಗೆ ಪರಿಚಯ ಮಾಡಿಸಿದ. ಅದನ್ನು ಹೇಳುವಾಗ ಅವನ ದನಿಯಲ್ಲಿ ಹೆಮ್ಮೆ ಇತ್ತು.

ತರುಣ್ ಎದ್ದು ನಿಂತು ಕೈಮುಗಿದ. ತನಗೆ ಸಾಮಾನ್ಯ ಗಿಟಾರ್ ಮಾತ್ರ ಗೊತ್ತು, ಇದನ್ನು ಹಿಡಿಯಲೂ ಬರುವುದಿಲ್ಲ, ಕಲಿಯುವ ಆಸೆಯಿಂದ ಹುಡುಕುತ್ತಿದ್ದೆ ಎಂದ.

“ಮರ ಹೋಗಿದ್ರೆ ಬೇರೆ ಹುಡುಕುವ. ಅದಲ್ಲ ಮುಖ್ಯ. ನೀವು ಕಲಿಸ್ತೀರಾ? ವಾರಕ್ಕೊಮ್ಮೆ, ಆದಿತ್ಯವಾರ ಆದ್ರೂ ಸಾಕು. ನಾನೇ ನರಿಕೊಂಬಿಗೆ ಬರ್ತೇನೆ. ಒಂದು ಸಲ ಬಾರಿಸಿ ತೋರಿಸಿ, ನಾನು ನೋಡಿ ಕಲಿತೇನೆ.”

ಆದಿತ್ಯವಾರ. ರುಕ್ಮಯ್ಯನ ಕಿವಿಯಲ್ಲಿ ಆ ಮಾತು ಇಪ್ಪತ್ತು ವರ್ಷದ ಹಿಂದಿನ ದನಿಯಲ್ಲಿ ಕೇಳಿಸಿತು. ಹೊರಳಿಸಿಕೊಂಡು ಬಂದ ಎರಡು ಮಾತು ನಾಲಗೆಯ ತುದಿಯಲ್ಲಿ ಇತ್ತು. ತರುಣ್ ಗಿಟಾರನ್ನು ಎತ್ತಿ, ಎರಡೂ ಕೈಯಲ್ಲಿ, ಮಗುವನ್ನು ಕೊಡುವ ಹಾಗೆ ಅವನತ್ತ ಚಾಚಿದ. ಬಾರಿಸಬೇಕು. ಇವನ ಎದುರು ಗಟ್ಟಿ ಇಡಬೇಕು, ಅದು ಟಕಟಕ ಕುಣಿಯಬೇಕು, ಈ ಕನ್ನಡಕದವನು ಮೊದಲು ಗಿಟಾರ್ ನೋಡಿ, ಆಮೇಲೆ ಕೈ ನೋಡಿ, ಆಮೇಲೆ ಮುಖ ನೋಡಬೇಕು. ಮುಖದಲ್ಲಿ ಕರುಣೆ ಬರಬೇಕು.

“ಬರೆದದ್ದು ಓದ್ಲಿಕ್ಕೆ ಬರುದಿಲ್ವಾ ನಿಮಗೆ?” ರುಕ್ಮಯ್ಯನ ದನಿ ರಸ್ತೆಯವರೆಗೆ ಹೋಯಿತು. “ಸತ್ತ ಮರವನ್ನು ಬಾರಿಸಿ ತೋರಿಸ್ಬೇಕಾ? ನಾನೆಂತ ಸರ್ಕಸ್ಸಿನವನಾ? ಬೇರೆ ಕೆಲಸ ಇಲ್ವಾ ನನಗೆ?”

ತರುಣ್ ಕೈ ಹಿಂದೆ ತೆಗೆದುಕೊಂಡ. ತಪ್ಪಾಯಿತು ಎಂದ, ಏನು ತಪ್ಪು ಎಂದು ತಿಳಿಯದೆ. ಗಿಟಾರನ್ನು ಇದ್ದ ಜಾಗದಲ್ಲಿ ಒರಗಿಸಿ, ಇದಿನಬ್ಬನಿಗೆ ತಲೆಯಾಡಿಸಿ ಹೋದ. ಕಾರು ಮೂಡುಬಿದಿರೆಯ ಕಡೆಗೆ ತಿರುಗಿತು.

ಅಂಗಡಿಯಲ್ಲಿ ಇಬ್ಬರೇ ಉಳಿದರು. ಇದಿನಬ್ಬ ಬಹಳ ಹೊತ್ತು ರುಕ್ಮಯ್ಯನ ಎಡಗೈಯನ್ನು ನೋಡಿದ. ಸಿಟ್ಟಿನಲ್ಲಿ ಅದು ಇನ್ನೂ ಹೆಚ್ಚು ನಡುಗುತ್ತಿತ್ತು, ರುಕ್ಮಯ್ಯ ಅದನ್ನು ಲುಂಗಿಯ ಮಡಿಕೆಯಲ್ಲಿ ಅಡಗಿಸಿಕೊಂಡ. ಇದಿನಬ್ಬ ಒಂದು ಬಟ್ಟೆ ಕೈಗೆತ್ತಿಕೊಂಡು ಗಿಟಾರಿನ ಹತ್ತಿರ ಹೋದ, ಬರೆದ ಅಕ್ಷರದ ಮೇಲೆ ಬಟ್ಟೆಯನ್ನು ಹಿಡಿದ, ತಿರುಗಿ ನೋಡಿದ.

“ಅಳಿಸುದಾ ರುಕ್ಮಯ್ಯಣ್ಣ? ನೀವು ಹೇಳಿದ್ರೆ ಅಳಿಸ್ತೇನೆ. ನೀವು ಹೇಳದೆ ನಾನು ಅಳಿಸುವ ಹಾಗಿಲ್ಲ.”

ರುಕ್ಮಯ್ಯ ಬಾಗಿಲಿನ ಚೌಕಟ್ಟು ಹಿಡಿದು ನಿಂತ. ರಸ್ತೆಯಲ್ಲಿ ಒಂದು ಬಸ್ಸು ಬಂತು, ಜನ ಇಳಿದರು, ಬಸ್ಸು ಹೋಯಿತು. ಅವನು ಹೆಗಲಪಟ್ಟಿ ಬಂದಿದೆಯಾ ಎಂದು ಕೇಳಿದ. ಇಲ್ಲ ಎಂದ ಇದಿನಬ್ಬ. ಬಟ್ಟೆಯನ್ನು ಮೊಳೆಗೆ ಸಿಕ್ಕಿಸಿದ. ಮೊಪೆಡ್ ಒಂದೇ ಒದೆತಕ್ಕೆ ಚಾಲೂ ಆಯಿತು, ಹಾಗೆ ಆಗುವುದು ಅಪರೂಪ.

ತಿಂಗಳ ಕೊನೆಗೆ ಬಂದ ಲಾರಿಯಲ್ಲಿ ಗಿಟಾರ್ ಹೋಯಿತೋ ಇಲ್ಲವೋ ಎಂದು ಅವನಿಗೆ ಯಾರೂ ಹೇಳಲಿಲ್ಲ, ಅವನು ಕೇಳಲೂ ಇಲ್ಲ. ಆಮೇಲೆ ಮೆಷಿನಿನ ಸಾಮಾನಿಗೆ ಬಿ.ಸಿ.ರೋಡಿಗೇ ಹೋಗುತ್ತಾನೆ, ವಾಮದಪದವಿನ ದಾರಿ ಹಿಡಿಯುವುದಿಲ್ಲ.

ಗಟ್ಟಿ ಮಾತ್ರ ಮನೆಗೆ ವಾಪಸ್ಸಾಯಿತು. ರಾಜೀವಿ ಅದನ್ನು ಮೊದಲಿನ ಹಾಗೆ ಎಲೆಯ ಕಟ್ಟಿನ ಮೇಲೆ ಇಟ್ಟು ನೋಡಿದಳು. ತುಕ್ಕು ಇದ್ದಾಗ ಬಟ್ಟೆಯನ್ನು ಕಚ್ಚಿ ಕೂರುತ್ತಿತ್ತು. ಈಗ ನುಣುಪಾಗಿ, ಸಪೂರವಾಗಿ, ಇಟ್ಟ ಕೂಡಲೇ ಉರುಳಿ ನೆಲಕ್ಕೆ ಬೀಳುತ್ತದೆ, ಬಿದ್ದಾಗ ಸಿಮೆಂಟಿನ ಮೇಲೆ ಒಂದು ಸ್ವಚ್ಛ ಸದ್ದು ಮಾಡುತ್ತದೆ. ಎರಡು ಸಲ ಹೆಕ್ಕಿ ಇಟ್ಟಳು. ಮೂರನೇ ಸಲ ಬಿದ್ದಾಗ ಹೆಕ್ಕಲಿಲ್ಲ. ಅಂಗಳಕ್ಕೆ ಹೋಗಿ ಒಂದು ಕಲ್ಲು ತಂದು ಇಟ್ಟಳು.